ಎತ್ತಲಿಲ್ಲ ಎಂದು ಬರೆದೆ

ಹೊಸ ಎಣಿಕೆಯ ಎಂಬತ್ತೆಂಟನೇ ವರ್ಷ, ಹದಿನಾಲ್ಕನೇ ತಿಂಗಳು, ಮೂವತ್ತೇಳನೇ ದಿನ
ಬಂಡೆಯೂರು, ಹಳೆಯ ಬಾದಾಮಿಯ ಮೇಲ್ಭಾಗ

ಹಿಂದಿನವರಿಗೆ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕುವ ಶ್ರಮ ಬೇಡ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು. ಅದಕ್ಕೆ ಕ್ಷಮೆ ಇರಲಿ. ಬೇರೆ ಯಾವುದಕ್ಕೂ ನಿಮ್ಮ ಕ್ಷಮೆ ಕೇಳುವ ಮನಸ್ಸು ನನಗಿಲ್ಲ, ಏಕೆಂದರೆ ಇದನ್ನು ಶುರು ಮಾಡಿದವರು ನೀವೇ. ನನ್ನ ಹೆಸರು ನೀಲಗಂಗವ್ವ. ಮೂವತ್ತೊಂದು ವರ್ಷ ‘ಬೀಳಿಕೆ’ಯ ಕೆಲಸ ಮಾಡಿದ್ದೇನೆ. ಅಂದರೆ, ಒಂದೂವರೆ ವರ್ಷದ ಮಗುವಿನ ಮುಂದೆ ಬಟ್ಟೆ ಒಣಹಾಕುತ್ತ, ಕೈಜಾರಿದಂತೆ ಒಂದು ಕ್ಲಿಪ್ಪು ಬೀಳಿಸಿ, ಎಟುಕದವಳಂತೆ ಕೈಚಾಚಿ ನಿಲ್ಲುವುದು. ಮಗು ಬಂದು ಎತ್ತಿಕೊಡುತ್ತದೋ ಇಲ್ಲವೋ ನೋಡಿ ಬರೆಯುವುದು. ಇಷ್ಟಕ್ಕೇ ಸರ್ಕಾರ ನನಗೆ ಮನೆ ಕೊಟ್ಟಿದೆ, ಎದುರಿಗೆ ಬಂದವರು ದಾರಿ ಬಿಟ್ಟು ನಿಲ್ಲುತ್ತಾರೆ.

ನಿಮ್ಮ ಕಾಲದ ವಿದ್ವಾಂಸರು ಈ ಆಟ ಆಡಿದ್ದು ಬೆರಗಿಗಾಗಿಯಂತೆ. ಮಾತೇ ಬಾರದ ಕೂಸು, ಯಾರೂ ಹೇಳದೆ, ಯಾರೂ ಏನೂ ಕೊಡದೆ, ತಪ್ಪುಹೆಜ್ಜೆ ಇಡುತ್ತ ಬಂದು ಗುರುತಿಲ್ಲದವರಿಗೆ ನೆರವಾಗುತ್ತದೆ ಎಂದು ಕಂಡು ಖುಷಿಪಟ್ಟರಂತೆ. ಖುಷಿಪಟ್ಟು ಸುಮ್ಮನಾಗಬಾರದಿತ್ತೇ? ಬರೆದಿಟ್ಟರು. ಆಮೇಲೆ ಬಂದವರು ಎದ್ದು ಬರುವ ಮಕ್ಕಳನ್ನೂ ಕೂತೇ ಇರುವ ಮಕ್ಕಳನ್ನೂ ಬೇರೆ ಬೇರೆ ಪಟ್ಟಿ ಮಾಡಿದರು. ಮುದುಕರು ಹೆಚ್ಚಾಗಿ ಆರೈಕೆಗೆ ಜನ ಸಿಗದ ಕಾಲ ಬಂದಾಗ ಆ ಪಟ್ಟಿ ಸರ್ಕಾರದ ಕೈಗೆ ಸಿಕ್ಕಿತು. ಎತ್ತಿಕೊಟ್ಟ ಮಕ್ಕಳನ್ನು ಆರನೇ ವಯಸ್ಸಿಗೆ ಮನೆಯಿಂದ ಒಯ್ದು ‘ಒದಗುವವರು’ ಎಂದು ಬೆಳೆಸುತ್ತಾರೆ. ರೋಗಿಗಳ ಮಗ್ಗುಲು ಬದಲಿಸುವುದು, ಬಿದ್ದವರನ್ನು ಎಬ್ಬಿಸುವುದು, ಅಳುವವರ ಪಕ್ಕ ಕೂರುವುದು, ಎಲ್ಲವೂ ಅವರ ಪಾಲಿಗೆ. ಅವರಿಗೆ ಊರ ಕೆಳಗೆ ಬೇರೆ ಕೇರಿ ಇದೆ. ಬೇರೆ ಕೇರಿ ಎಂದರೇನೆಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಗುವನ್ನು ಉಳಿಸಿಕೊಳ್ಳಲು ಹೆತ್ತವರು ‘ಬೆನ್ನುಗೈ’ ಕಲಿಸುತ್ತಾರೆ, ಅಂದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುವುದು. ಅಂಬೆಗಾಲಿಡುವ ಮೊದಲೇ ಪಾಠ ಶುರು. ಚಮಚ ಬೀಳಿಸುತ್ತಾರೆ, ಮಗು ಕೈ ಚಾಚಿದರೆ ಒದ್ದೆ ಬಟ್ಟೆಯಿಂದ ಬೆರಳಿಗೆ ಒಂದೇಟು. ಹೆಸರಿಡುವ ದಿನ ಸೋದರಮಾವ ಕೈಕಟ್ಟುವ ರೇಷ್ಮೆಪಟ್ಟಿ ತರುವುದು ವಾಡಿಕೆ. ಸಂತೆಯಲ್ಲಿ ಯಾರದೋ ಬುಟ್ಟಿ ಮಗುಚಿ ನಿಂಬೆಹಣ್ಣು ಉರುಳಿದರೆ ಸುತ್ತಲಿನವರ ಕೈಗಳೆಲ್ಲ ಬೆನ್ನಿಗೆ ಹೋಗುತ್ತವೆ. ಅದು ಒಳ್ಳೆಯ ಮನೆತನದ ಲಕ್ಷಣ. ಇಲ್ಲಿನ ಮಂಗಗಳ ಮುಂದೆ ಮಾತ್ರ ಯಾರೂ ಕ್ಲಿಪ್ಪು ಬೀಳಿಸಿಲ್ಲ. ಹೋದ ತಿಂಗಳು ಒಂದು ಮರಿ ನೀರಿನ ತೊಟ್ಟಿಗೆ ಬಿತ್ತು. ತಾಯಿಯಲ್ಲದ ಯಾವುದೋ ಮುದಿ ಮಂಗ ಇಳಿದು, ತಾನೂ ಮುಳುಗುವಷ್ಟಾಗಿ, ಅದನ್ನು ಎಳೆದುಹಾಕಿತು. ನಮ್ಮ ತಾಯಂದಿರು ಓಡಿಬಂದು ಮಕ್ಕಳ ಕಣ್ಣು ಮುಚ್ಚಿದರು.

ನನ್ನ ಮೊಮ್ಮಗಳು ಕಿನ್ನರಿಯ ಬೀಳಿಕೆಯನ್ನೂ ನಾನೇ ಮಾಡಬೇಕಾಯಿತು, ಊರಿಗೆ ಇರುವವಳು ನಾನೊಬ್ಬಳೇ. ಮಗಳು ದಾನಮ್ಮ ಹತ್ತು ತಿಂಗಳು ಬೆನ್ನುಗೈ ಕಲಿಸಿ ಸೋತಿದ್ದಳು. ಹಿಂದಿನ ದಿನ ಬಂದು, “ಅವ್ವಾ, ನಿನ್ನ ಕಾಲಿಗೆ ಬೀಳತೀನಿ, ಕ್ಲಿಪ್ಪು ದೂರ ಒಗಿ. ಆಕಿ ಕೈ ಸುಮ್ಮನ ಇರೂದಿಲ್ಲ” ಎಂದು ಅತ್ತಳು. ದೂರವೇ ಒಗೆದೆ, ಬೆಂಚಿನ ಕೆಳಗೆ. ಹುಡುಗಿ ಅಂಬೆಗಾಲಲ್ಲಿ ನುಗ್ಗಿ, ತಲೆಗೆಲ್ಲ ಜೇಡರ ಬಲೆ ಮೆತ್ತಿಕೊಂಡು ತಂದುಕೊಟ್ಟಳು. ಕೈ ಹಿಂದೆಗೆದುಕೊಳ್ಳುವುದನ್ನು ನಾನು ಮರೆತು ನಿಂತಿದ್ದೆ. ಕೊಟ್ಟದ್ದು ಸಾಲಲಿಲ್ಲ ಅಂದುಕೊಂಡಳೋ ಏನೋ, ತನ್ನ ಚಪ್ಪಲಿಯನ್ನೂ ಬಿಚ್ಚಿ ನನ್ನ ಕೈಗಿಟ್ಟಳು. ಮೂವತ್ತೊಂದು ವರ್ಷದಲ್ಲಿ ಇಂಥ ಇನ್ನೊಂದು ಮಗುವನ್ನು ನಾನು ನೋಡಿಲ್ಲ. ‘ಎತ್ತಲಿಲ್ಲ’ ಎಂದು ಬರೆದೆ. ಬೇರೆಯವರ ಮಕ್ಕಳಿಗಾಗಿ ಒಮ್ಮೆಯೂ ಸುಳ್ಳು ಬರೆಯದ ಕೈ ಅದು. ಅಂದು ಮನೆಯಲ್ಲಿ ಹೋಳಿಗೆ ಮಾಡಿದರು. ನಾನು ಎರಡು ತಿಂದೆ.

ಕಿನ್ನರಿಗೆ ಈಗ ಏಳು. ಹನ್ನೆರಡು ತುಂಬುವ ತನಕ ಯಾವಾಗ ನೆರವಾದದ್ದು ಕಂಡರೂ ಒಯ್ಯುತ್ತಾರೆ, ಹಾಗಾಗಿ ಮನೆಯಲ್ಲಿ ಭಯ ಹೋಗಿಲ್ಲ. ಹೋದ ವಾರ ಹಾಡಹಗಲಲ್ಲಿ ನಾನು ಬಾವಿಕಟ್ಟೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡೆ. ಸುತ್ತ ಹತ್ತು ಜನ, ಎಲ್ಲರದೂ ಬೆನ್ನುಗೈ. ಕಿನ್ನರಿಯೂ ಹಾಗೇ ನಿಂತಿದ್ದಳು. “ಆಯೀ, ಭಾಳ ನೋಯಾಕತ್ತೈತೇನ?” ಎಂದಳು. ಕೇಳುತ್ತ ಕೇಳುತ್ತ ಒಂದು ಕೈ ಮುಂದೆ ಬಂತು. ನನ್ನ ತಲೆಯ ಕೆಳಗೆ ಇನ್ನೇನು ತೂರಬೇಕು, ಅಷ್ಟರಲ್ಲಿ ನಾನೇ ಚೀರಿದೆ: “ಬ್ಯಾಡ! ಕೈ ಹಿಂದ ತಗೋ! ನೋಡಾಕತ್ತಾರ!” ಅವಳು ಹಿಂದೆ ತೆಗೆದುಕೊಂಡಳು. ಒದಗುವವರು ಬರಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವಳು ನನ್ನ ಮುಖ ನೋಡಲಿಲ್ಲ.

ನಿಮ್ಮಲ್ಲಿ ಒಂದೇ ಕೋರಿಕೆ. ನಿಮ್ಮ ಮಗು ಏನಾದರೂ ತಂದುಕೊಟ್ಟರೆ ಇಸಿದುಕೊಳ್ಳಿ. ಹೊಗಳಬೇಡಿ, ಅಳೆಯಬೇಡಿ, ಎಲ್ಲೂ ಬರೆದಿಡಬೇಡಿ. ನೀವು ಕೇಳುವುದಿಲ್ಲ ಎಂದು ನನಗೆ ಗೊತ್ತು. ಕೇಳಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ. ಇನ್ನು ಬರೆಯಲಾರೆ, ಗಂಟಲು ಒಣಗಿದೆ. ನೀರಿನ ತಂಬಿಗೆ ಕಿನ್ನರಿಯ ಮೊಣಕೈ ಪಕ್ಕದಲ್ಲೇ ಇದೆ. ಮನೆಯಲ್ಲಿ ನಾವಿಬ್ಬರೇ, ಬಾಗಿಲು ಮುಚ್ಚಿದೆ, ನೋಡುವವರು ಯಾರೂ ಇಲ್ಲ. ಕೊಡೇ ತಾಯಿ, ಎಂದು ಈಗಷ್ಟೇ ಕೇಳಿದೆ. ಅವಳು ಎದ್ದು, ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು, ಕಿಟಕಿಗೆ ಹೋಗಿ ಒದಗುವವರನ್ನು ಕೂಗುತ್ತಿದ್ದಾಳೆ.

ನೀಲಗಂಗವ್ವ