ಹನ್ನೊಂದು ಸಲ ತೆಗೆದ ಬಾಗಿಲು

ಅತ್ತೆಗೆ ಸೊಸೆಯ ನಮಸ್ಕಾರ.

ಸೋಮವಾರ ನಿಮ್ಮನ್ನು ಹನ್ನೊಂದು ಸಲ ಬಾಗಿಲಿಗೆ ಓಡಾಡಿಸಿದವಳು ನಾನೇ. ಇಲ್ಲಿ ಒಂದು ಕೊರಿಯರ್ ಕಂಪನಿಯ ಹೊಸ ಸಾಫ್ಟ್‌ವೇರ್ ಪರೀಕ್ಷಿಸಲು ನಮ್ಮನ್ನು ಇಪ್ಪತ್ತೈದನೇ ತಾರೀಖಿನವರೆಗೆ ಕರೆಸಿದ್ದಾರೆ. ಇಲ್ಲದ ಪಾರ್ಸೆಲ್ಲನ್ನು ಇಲ್ಲದವರಿಗೆ ಕಳಿಸಿ, ಎಲ್ಲಿ ಎಡವುತ್ತದೆ ಎಂದು ನೋಡುವುದೇ ನನ್ನ ಕೆಲಸ. ಕೈ ತಾನಾಗಿ ನಮ್ಮ ಮನೆಯ ಫೋನ್ ನಂಬರನ್ನೇ ಒತ್ತಿತು. ಹೊರಗೆ ಹೋಗಬಾರದಿದ್ದ ಸಂದೇಶ ಹನ್ನೊಂದು ಸಲವೂ ನಿಜವಾಗಿ ಹೋಗಿಬಿಟ್ಟಿತು: 'ನಿಮ್ಮ ಪಾರ್ಸೆಲ್ ಬಾಗಿಲಿಗೆ ಬಂದಿದೆ.'

"ಮನೆ ನಂಬರ್ ಯಾಕೆ ಹಾಕಿದ್ರಿ?" ಎಂದು ಮ್ಯಾನೇಜರ್ ಕೇಳಿದರು.

"ಬಾಯಿಗೆ ಬರೋದು ಅದೊಂದೇ ಸಾರ್."

ಅವರೇ ಕೂತು ಆ ನಂಬರನ್ನು ಅಳಿಸಿದರು.

"ಅಮ್ಮ ಕೊನೆಗೆ ಕುರ್ಚಿ ಹಾಕ್ಕೊಂಡು ಬಾಗಿಲಲ್ಲೇ ಕೂತ್ಬಿಟ್ರು" ಎಂದು ನಿಮ್ಮ ಮಗ ಫೋನಿನಲ್ಲಿ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ನಿಮ್ಮ ಹತ್ತಿರ ಮಾತಾಡಲು ಮುಖವಿಲ್ಲದೆ ಈ ಅಂಚೆ ಕಾರ್ಡು.

ಇಲ್ಲಿಯ ಬಾಗಿಲುಗಳಿಗೆ ಚಿಲಕವೇ ಇಲ್ಲ. ಕೊರಳಿನ ಗುರುತಿನ ಚೀಟಿ ತೋರಿಸಿದರೆ ತಾವೇ ತೆರೆದುಕೊಳ್ಳುತ್ತವೆ. ಒಳಗಿನಿಂದ "ಬಂದ್ಯಾ?" ಎನ್ನುವವರು ಯಾರೂ ಇಲ್ಲ.

ನನ್ನ ಕೆಮ್ಮು ಕಡಿಮೆಯಾಗಿದೆ. ನೀವು ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡಿ. ಜಾಗ ಮುಗಿಯಿತು.

ಇಪ್ಪತ್ತಾರನೇ ತಾರೀಖಿನ ಸಂಜೆ ಸಂದೇಶ ಯಾವುದೂ ಬರುವುದಿಲ್ಲ. ಆದರೂ ಒಂದು ಸಲ ಬಾಗಿಲು ತೆಗೆಯಿರಿ.

ನಿಮ್ಮ ಸೊಸೆ