ಕಾಲರಿನ ಮೈಕು

ಹನ್ನೊಂದನೇ ತಾರೀಖು, ಗುರುವಾರ

ಪ್ರೀತಿಯ ತಂಗಿ,

ನಿನ್ನ ಎರಡು ಪತ್ರ ಬಂದಿವೆ, ಎರಡಕ್ಕೂ ನಾನು ಉತ್ತರ ಬರೆದಿಲ್ಲ. ಮೊಣಕಾಲು ನೋವು ಅಂತ ನೆಪ ಹೇಳಬಹುದಿತ್ತು, ಆದರೆ ಮೊಣಕಾಲಿನಲ್ಲಿ ಯಾರೂ ಪತ್ರ ಬರೆಯುವುದಿಲ್ಲ. ತಪ್ಪು ನನ್ನದೇ, ಹೊಟ್ಟೆಗೆ ಹಾಕಿಕೋ. ಮೊಮ್ಮಗಳಿಗೆ ಹಲ್ಲು ಬಂತೆಂದು ಓದಿ ಖುಷಿಯಾಯಿತು.

ಈಗ ಬರೆಯುವುದಕ್ಕೆ ಕಾರಣವಿದೆ. ಇಪ್ಪತ್ತೊಂದರ ಭಾನುವಾರ ಟಿವಿಯಲ್ಲಿ ನನ್ನನ್ನು ತೋರಿಸುತ್ತಾರಂತೆ. ಅದನ್ನು ನೋಡುವ ಮೊದಲು ಈ ಪತ್ರವನ್ನು ಕೊನೆತನಕ ಓದು. ನಿನ್ನ ಗಂಡನ ಬಗ್ಗೆ ನಾನು ಆಡಿದ ಒಂದು ಮಾತು ಅದರಲ್ಲಿದೆ. ಅದು ನಿನಗೆ ಆ ಪೆಟ್ಟಿಗೆಯಿಂದ ತಲುಪಬಾರದು.

ನಾವು ಐದು ಜನ ಮಾಜಿ ಸೈನಿಕರು ಪ್ರತಿ ಮಂಗಳವಾರ ಕುದುರೆ ಲಾಯಕ್ಕೆ ಹೋಗುವುದು ನಿನಗೆ ಗೊತ್ತಲ್ಲ. ಅದನ್ನು ನಡೆಸುವ ಡಾಕ್ಟರಮ್ಮ ಒಳ್ಳೆಯವಳು. ಏನಾಯಿತು, ಯಾಕಾಯಿತು ಎಂದು ಕೆದಕುವುದಿಲ್ಲ, ಕುದುರೆಯ ಮೈ ತಿಕ್ಕಲು ಕೈಗೊಂದು ಬ್ರಷ್ ಕೊಟ್ಟು ಹೋಗಿಬಿಡುತ್ತಾಳೆ. ನನ್ನ ಪಾಲಿಗೆ ಬಂದಿರುವುದು ಒಂದು ಕಣ್ಣು ಮಂಜಾದ ಕಂದು ಕುದುರೆ. ಮುದುಕಿ ಅಂತಲೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳುವುದಿಲ್ಲ. ಅವಳ ಕುತ್ತಿಗೆಗೆ ಹಣೆ ಆನಿಸಿ ನಿಂತರೆ ಉಸಿರು ನಿಧಾನವಾಗಿ ಏರಿ ಇಳಿಯುತ್ತದೆ, ಸ್ವಲ್ಪ ಹೊತ್ತಿಗೆ ನನ್ನದೂ ಹಾಗೇ ಆಗುತ್ತದೆ. ನಿನ್ನ ಗಂಡ ಹೋಗಿ ಮೂವತ್ತೊಂದು ವರ್ಷವಾಯಿತು. ಅಷ್ಟು ವರ್ಷ ಯಾವ ಮಾತ್ರೆಯೂ ಕೊಡದ ನಿದ್ದೆಯನ್ನು ಈ ಮುದುಕಿ ಕೊಟ್ಟಳು. ಅವಳ ಕಿವಿಯಲ್ಲಿ ವಾರವಾರವೂ ಒಂದೇ ಮಾತು ಹೇಳುತ್ತೇನೆ. ಇದುವರೆಗೆ ಯಾರಿಗೂ ಬಾಯಿ ಬಿಟ್ಟಿಲ್ಲ, ಪಾಪ.

ಹೋದ ಮಂಗಳವಾರ ಯಾವುದೋ ಕಂಪನಿಯವರು ಯೋಧರಿಗೆ ಕೃತಜ್ಞತೆ ಹೇಳುತ್ತೇವೆಂದು ಕ್ಯಾಮೆರಾ ಹೊತ್ತುಕೊಂಡು ನುಗ್ಗಿದರು. ಥೂ, ಏನಂತ ಬರೆಯಲಿ. ಲದ್ದಿಯ ವಾಸನೆ ಬರಬಾರದೆಂದು ಲಾಯದ ತುಂಬ ಸೆಂಟು ಹೊಡೆದರು, ಮುದುಕಿ ಸೀನಿ ಸೀನಿ ಸುಸ್ತಾದಳು. ಗೊರಸಿಗೆ ಬೂಟ್ ಪಾಲಿಶ್, ಬಾಲಕ್ಕೆ ರಿಬ್ಬನ್. ನಮ್ಮಲ್ಲಿ ಒಬ್ಬನಿಗೆ ಒಂದು ಕಾಲಿಲ್ಲ. ಅವನನ್ನು ಮುಂದೆ ಕೂರಿಸಿ, ಪ್ಯಾಂಟನ್ನು ಸ್ವಲ್ಪ ಮೇಲಕ್ಕೆ ಮಡಚಿಕೊಳ್ಳಿ ಎಂದರು. ಎರಡೂ ಕಾಲಿದ್ದ ನಾವು ಹಿಂದಿನ ಸಾಲಿಗೆ ಹೋದೆವು. ಮುಖ್ಯ ಅತಿಥಿ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ನಮಗೆ ಚಿರಋಣಿ ಎಂದರು.

ಆಮೇಲೆ ನನ್ನ ಕಾಲರಿಗೆ ಅಂಗಿಯ ಗುಂಡಿಯಷ್ಟೇ ಇರುವ ಮೈಕು ಸಿಕ್ಕಿಸಿ, ಎರಡು ಮಾತಾಡಿ ಎಂದರು. ಚೆನ್ನಾಗಿದ್ದೇನೆ ಎಂದು ಹೇಳಿ ಕೂತೆ. ಎಲ್ಲರೂ ತಿಂಡಿಯ ಮೇಜಿನ ಕಡೆ ಎದ್ದಾಗ ನಾನು ಮೆಲ್ಲಗೆ ಮುದುಕಿಯ ಹತ್ತಿರ ಹೋದೆ. ಮೈಕು ಮರೆತೇಹೋಗಿತ್ತು. ಹಣೆ ಆನಿಸಿ ವಾರವಾರದ ಮಾತನ್ನು ಹೇಳಿದೆ. ಹೊರಗಿನ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿದೆ. ನನಗೆ ಕೇಳಿಸಿದ್ದು ಚಪ್ಪಾಳೆ.

ಆ ಮಾತಿಗೆ ಚಪ್ಪಾಳೆ ಹೊಡೆದರು ತಂಗಿ. ಕೈಯಲ್ಲಿ ತಿಂಡಿ ತಟ್ಟೆ ಇದ್ದವರೂ ತಟ್ಟೆ ಕೆಳಗಿಟ್ಟು ಹೊಡೆದರಂತೆ. ಕ್ಯಾಮೆರಾದವನು ಓಡಿ ಬಂದ.

"ಸೂಪರ್ ಅಂಕಲ್. ಆದ್ರೆ ಮುಖ ಸರಿಯಾಗಿ ಸಿಗ್ಲಿಲ್ಲ, ಇನ್ನೊಂದ್ಸಲ ಹೇಳ್ತೀರಾ? ಅಳು ಹಾಗೇ ಇರ್ಲಿ."

ಮೈಕು ಕಿತ್ತು ಪಕ್ಕದ ಬಕೆಟ್ಟಿಗೆ ಎಸೆದೆ. ಆಮೇಲೆ ಆ ನೀರು ಚೆಲ್ಲಿ ಬೇರೆ ಹಿಡಿದಿಟ್ಟೆ, ಮುದುಕಿ ಕುಡಿಯುವ ನೀರಲ್ಲವೇ. ಆ ಭಾಗ ತೆಗೆದುಬಿಡಿ ಎಂದು ಡಾಕ್ಟರಮ್ಮ ಕಂಪನಿಯವರ ಕಾಲಿಗೆ ಬೀಳುವುದೊಂದು ಬಾಕಿ. ಕಾರ್ಯಕ್ರಮದ ಜೀವಾಳವೇ ಅದು ಎಂದರಂತೆ.

ಅವರಿಗೆ ಉಗಿದು ಉಗಿದು ನನ್ನ ಬಾಯಿ ಒಣಗಿದೆ. ಆದರೆ ನನ್ನ ಈ ಹೇಸಿಗೆಯೆಲ್ಲ ಅವರ ಮೇಲಿನದಲ್ಲ, ನನ್ನ ಮೇಲಿನದೂ ಇದೆ. ನೀನು ಪ್ರತಿ ಪತ್ರದ ಕೊನೆಗೂ, ಅವರ ಕೊನೇ ಗಳಿಗೆಯಲ್ಲಿ ನೀವು ಪಕ್ಕದಲ್ಲಿದ್ರಲ್ಲ ಅಣ್ಣ, ಆ ಉಪಕಾರ ಮರೆಯೋಕಾಗಲ್ಲ ಎಂದು ಬರೆಯುತ್ತೀಯ. ಅದನ್ನು ಓದಿದ ದಿನ ನನಗೆ ಊಟ ಸೇರುವುದಿಲ್ಲ. ಈ ಎರಡು ಪತ್ರಕ್ಕೆ ಉತ್ತರ ಬರೆಯದೆ ಕೂತದ್ದೂ ಅದಕ್ಕೇ.

ಮಗ, ಸೊಸೆಗೆ ನನ್ನ ಆಶೀರ್ವಾದ. ಮೊಮ್ಮಗಳ ಹೊಸ ಹಲ್ಲಿಗೆ ಕಚ್ಚಲು ಗಟ್ಟಿಯಾದದ್ದು ಏನಾದರೂ ಕೊಡು, ಇಲ್ಲವಾದರೆ ನಿನ್ನ ಬೆರಳೇ ಗತಿ. ಎಲ್ಲರೂ ತಣ್ಣಗಿರಿ.

ಇಂತಿ,
ನೀನು ಅಣ್ಣ ಎಂದು ಕರೆಯುವವನು

ಮರೆತ ವಿಷಯ: ಒಂದೇ ಏಟಿಗೆ ಹೋದ, ನೋವೇ ಗೊತ್ತಾಗಲಿಲ್ಲ ಎಂದು ಅವತ್ತು ನಿನಗೆ ಹೇಳಿದ್ದು ಸುಳ್ಳು. ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಅವನು ಗುಂಡೇಟು ತಿಂದು ಬಯಲಿನಲ್ಲಿ ಬಿದ್ದು ನನ್ನನ್ನು ಕರೆದ. ನಾನು ಇಪ್ಪತ್ತು ಹೆಜ್ಜೆ ದೂರದ ಬಂಡೆಯ ಹಿಂದೆ ಕಿವಿ ಮುಚ್ಚಿಕೊಂಡು ಕೂತಿದ್ದೆ. ಹೆದರಿಕೆ, ಬೇರೇನೂ ಅಲ್ಲ. ನಮ್ಮ ತುಕಡಿಯ ಸಾಮಾನು ಹೊರುವ ಕುದುರೆಗಳನ್ನು ಸೀಟಿ ಹೊಡೆದು ಕರೆಯುತ್ತೇನೆಂದು ಅವನು ನಿನಗೆ ಬರೆದಿದ್ದನಲ್ಲ. ನನ್ನನ್ನು ಕರೆದು ಸಾಕಾಗಿ ಕೊನೆಗೆ ಸೀಟಿ ಹೊಡೆದ. ಒಂದು ಕುದುರೆ ಹಗ್ಗ ಕಿತ್ತುಕೊಂಡು ಓಡಿ ಹೋಗಿ, ಅವನ ಉಸಿರು ನಿಲ್ಲುವವರೆಗೂ ತಲೆ ತಗ್ಗಿಸಿ ಅಲ್ಲೇ ನಿಂತಿತ್ತು. ಮುದುಕಿಗೆ ನಾನು ಹೇಳುವುದು ಇಷ್ಟೇ: "ಕುದುರೆ ಹೋಯ್ತು, ನಾನು ಹೋಗ್ಲಿಲ್ಲ." ಬೈದು ಬರಿ, ಇಲ್ಲವೇ ಬರೆಯಲೇಬೇಡ. ಉಪಕಾರ ಅಂತ ಮಾತ್ರ ನನಗೆ ಬರೆಯಬೇಡ, ಅದು ಆ ಕುದುರೆಯದು.