ಹಲ್ಲಿನೊಳಗಿನ ಲೇಪ, ನನ್ನ ಅರ್ಧ ತುಟಿ

ದಂತ ಸಾಮಗ್ರಿಗಳ ಸುರಕ್ಷತೆಗೆ ಮುದ್ರೆ ಒತ್ತುವ ಮಾನ್ಯ ಅಧಿಕಾರಿಗಳೇ,

ನನ್ನ ಕೆಳತುಟಿಯ ಬಲಭಾಗ ನನಗಿಲ್ಲ. ಕನ್ನಡಿಯಲ್ಲಿ ಇದೆ, ಮುಟ್ಟಿದರೆ ಬೆರಳಿಗೂ ಸಿಗುತ್ತದೆ. ಬೆರಳು ಮುಟ್ಟಿದ್ದು ತುಟಿಗೆ ಮಾತ್ರ ತಿಳಿಯುವುದಿಲ್ಲ. ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡುವಾಗ ಬೇರಿನೊಳಗೆ ತುಂಬಿದ ಲೇಪ, ಬೇರಿನ ತುದಿ ದಾಟಿ ನರದ ಮೇಲೆ ಹೋಗಿ ಕೂತಿದೆ. ಆ ಲೇಪದಲ್ಲಿ ಏನಿತ್ತು ಎಂದು ನಿಮ್ಮನ್ನು ಕೇಳಿ ಕೇಳಿ ಸಾಕಾಗಿ ಈಗ ಎಲ್ಲರ ಎದುರು ಕೇಳುತ್ತಿದ್ದೇನೆ.

ನಾನು ಟೈಲರ್. ಗುಂಡುಪಿನ್ನುಗಳನ್ನು ತುಟಿಗಳ ನಡುವೆ ಹಿಡಿದುಕೊಂಡು ಒಂದೊಂದೇ ಬಟ್ಟೆಗೆ ಚುಚ್ಚುವುದು ನಮ್ಮ ಕಸುಬಿನ ಚಾಳಿ. ಚಿಕಿತ್ಸೆಯಾದ ಮೇಲೆ ಒಂದು ದಿನ, ಗಿರಾಕಿಯೊಬ್ಬರಿಗೆ ಬಿಳಿ ಅಂಗಿ ತೊಡಿಸಿ ಅಳತೆ ಸರಿಮಾಡುತ್ತಿದ್ದಾಗ ಕಾಲರಿನ ಮೇಲೆ ರಕ್ತ ಕಂಡಿತು. ನಮಗೆ ರಕ್ತ ಎಂದರೆ ಬೆರಳು. ಹತ್ತೂ ಬೆರಳು ತಿರುಗಿಸಿ ನೋಡಿಕೊಂಡೆ, ಗಾಯವಿಲ್ಲ. ಗಿರಾಕಿ ಬಿಳಿಚಿಕೊಂಡು, "ಅಕ್ಕಾ, ಪಿನ್ನು... ನಿಮ್ಮ ತುಟಿಗೇ ಚುಚ್ಕೊಂಡಿದೆ" ಎಂದರು. ಅರ್ಧ ಇಳಿದಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಪರದೆಯ ಹಿಂದೆ ಹೋಗಿ ಅತ್ತೆ. ತುಟಿಗಿಳಿದ ಕಣ್ಣೀರು ಒಂದೇ ಕಡೆ ಬೆಚ್ಚಗಿತ್ತು.

ಹಲ್ಲಿನ ಡಾಕ್ಟರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರು ಮುಚ್ಚಿಡದೆ ಬಾಟಲಿ ತಂದು ತೋರಿಸಿದರು. "ಪುಡಿ ಒಂದು, ದ್ರವ ಒಂದು, ಕಲಸಿ ಹಾಕ್ತೀವಿ. ಒಳಗೆ ಏನಿದೆ ಅಂತ ಕಂಪನಿ ನಮಗೂ ಹೇಳಲ್ಲಮ್ಮಾ. ಮುದ್ರೆ ಇದೆಯಲ್ಲಾ ಅಂತ ನಂಬಿದೆ." ನಿಜ, ನಿಮ್ಮ ಮುದ್ರೆ ಢಾಳಾಗಿತ್ತು. ಅಂಗಡಿಯಲ್ಲಿ ಕೊಳ್ಳುವ ಕಾಲುಚೀಲದ ಮೇಲೂ ಹತ್ತಿ ಎಷ್ಟು, ನೈಲಾನ್ ಎಷ್ಟು ಎಂದು ಬರೆದಿರುತ್ತದೆ, ಮಾನ್ಯರೇ. ಸಂಜೆ ಬಿಚ್ಚಿ ಮೂಲೆಗೆಸೆಯುವ ವಸ್ತುವಿಗೆ ಇಷ್ಟು ಮರ್ಯಾದೆ. ದವಡೆಯೊಳಗೆ ಸಾಯುವವರೆಗೂ ಇರಬೇಕಾದದ್ದಕ್ಕೆ ಯಾಕಿಲ್ಲ?

ಕೊನೆಗೂ ನಿಮ್ಮ ಉತ್ತರ ಬಂತು: "ಸದರಿ ವಸ್ತುವು ಬೇರಿನ ನಾಳದೊಳಗೆ ಇರುವವರೆಗೆ ಜೈವಿಕವಾಗಿ ಹೊಂದಿಕೊಳ್ಳುವಂಥದ್ದಾಗಿದೆ. ಘಟಕಗಳ ವಿವರವು ವ್ಯಾಪಾರದ ಗೋಪ್ಯವಾಗಿದೆ." ಎಂಥ ಮುತ್ತಿನಂಥ ಮಾತು! ಬೋನಿನೊಳಗೆ ಇರುವವರೆಗೆ ಹುಲಿ ಸಾಧು ಎಂದ ಹಾಗಾಯಿತು. ಬೇರಿನ ತುದಿಯಲ್ಲಿ ತೂತಿರುವುದು ನಿಮಗೆ ಹೊಸ ಸುದ್ದಿಯೇ? ಲೇಪ ಅಲ್ಲಿಂದ ಹೊರಬಂದು ನರಕ್ಕೆ ತಾಗಿದರೆ ಏನಾಗುತ್ತದೆ ಎಂದು ಪರೀಕ್ಷಿಸಿದ್ದೀರಾ ಎಂದು ಕೇಳಿದ್ದೆ. ಆ ಪ್ರಶ್ನೆಗೆ ಉತ್ತರವೇ ಇಲ್ಲ.

ಹೊಂದಿಕೊಳ್ಳುವುದು ಎಂಬ ಪದ ನನಗೆ ಹೊಸದೇನಲ್ಲ. ಮದುವೆಯಾದಾಗ ಅಮ್ಮ ಕಿವಿಯಲ್ಲಿ ಹೇಳಿದ್ದಳು, "ಸ್ವಲ್ಪ ಹೊಂದ್ಕೊಂಡು ಹೋಗೇ." ಮೊನ್ನೆ ಫೋನಿನಲ್ಲಿ ನಿಮ್ಮ ಕಚೇರಿಯವರೂ ಅದನ್ನೇ ಹೇಳಿದರು: "ಜೀವಕ್ಕೇನೂ ಅಪಾಯ ಇಲ್ವಲ್ಲಮ್ಮಾ, ಹೊಂದ್ಕೊಳ್ಳಿ." ಆಗ ನನಗೆ ಜ್ಞಾನೋದಯವಾಯಿತು. ವಸ್ತು ದೇಹಕ್ಕೆ ಹೊಂದಿಕೊಳ್ಳುತ್ತದೆ ಎಂದು ನಾನು ಓದಿಕೊಂಡಿದ್ದೆ. ನಿಮ್ಮಲ್ಲಿ ದೇಹವೇ ವಸ್ತುವಿಗೆ ಹೊಂದಿಕೊಳ್ಳಬೇಕು.

ನನ್ನದು ಹಾಳಾಗಿ ಹೋಗಲಿ. ಈಗ ನನ್ನ ಮಗಳ ದವಡೆ ಊದಿಕೊಂಡಿದೆ. ಬಿಟ್ಟರೆ ಕೀವು ಹರಡುತ್ತದಂತೆ. ಕೀಳಿಸೋಣವೆಂದರೆ, ರೂಟ್ ಕೆನಾಲ್ ಮಾಡಿದರೆ ಉಳಿಯುವ ಗಟ್ಟಿ ಹಲ್ಲು ಎನ್ನುತ್ತಾರೆ ಡಾಕ್ಟರು. ಬೇರೆ ಕಂಪನಿಯ ಲೇಪ ಹಾಕುತ್ತಾರಂತೆ. ಅದನ್ನೂ ಹೋಗಿ ನೋಡಿ ಬಂದೆ. ಒಳಗಿರುವುದರ ಹೆಸರಿಲ್ಲ, ನಿಮ್ಮ ಮುದ್ರೆ ಇದೆ. ಸೋಮವಾರ ಬರಲು ಹೇಳಿದ್ದಾರೆ. ನನ್ನ ಮೇಲೆ ಅವಳಿಗೆ ನಿಮ್ಮ ಮುದ್ರೆಗಿಂತ ಹೆಚ್ಚು ನಂಬಿಕೆ. ಅದೇ ನನಗೆ ಭಯ.

ಪರಿಹಾರ ಬೇಡ, ವಿಚಾರಣಾ ಸಮಿತಿ ಬೇಡ, ವಿಷಾದವಂತೂ ಬೇಡವೇ ಬೇಡ. ಬೇರಿನೊಳಗೆ ತುಂಬಲು ನೀವು ಒಪ್ಪಿಗೆ ಕೊಟ್ಟ ಪ್ರತಿಯೊಂದು ಲೇಪದಲ್ಲಿ ಏನೇನಿದೆ, ಅದು ನರಕ್ಕೆ ತಾಗಿದರೆ ಏನಾಗುತ್ತದೆ ಎಂಬುದನ್ನು ಸೋಮವಾರದೊಳಗೆ ಬಹಿರಂಗಪಡಿಸಿ. ಗೊತ್ತಿಲ್ಲವಾದರೆ ಗೊತ್ತಿಲ್ಲ ಎಂದು ಬರೆದು ಸಹಿ ಹಾಕಿ. ಅದೂ ಸಾಕು, ನನಗೊಂದು ದಾರಿ ತೋರುತ್ತದೆ. ಇದನ್ನು ಬರೆಯುವಾಗ ಮಗಳು ಕೆನ್ನೆಗೆ ಅಂಗೈ ಒತ್ತಿಕೊಂಡು ಎದುರಿಗೇ ಕೂತಿದ್ದಾಳೆ. "ಅಮ್ಮಾ, ನೀನು ಹೂಂ ಅನ್ನು, ನಾನು ಹೋಗ್ತೀನಿ" ಎನ್ನುತ್ತಿದ್ದಾಳೆ.

ಇಂತಿ,
ಹೂಂ ಎನ್ನಲು ತುಟಿ ಕೂಡದ,
ಒಬ್ಬ ತಾಯಿ